ಒಂದೂವರೆ ಸಲದ ಭಾವ

ನಮ್ಮ ಭಾವನಂಥ ನಿರುಪದ್ರವಿ ಈ ಭೂಮಿಯ ಮೇಲೆ ಇನ್ನೊಬ್ಬರಿಲ್ಲ. ಆದರೆ ಅವರ ಜೊತೆ ಒಂದು ದಿನ ಕಳೆದವರಿಗೆ ರಕ್ತದೊತ್ತಡ ಗ್ಯಾರಂಟಿ! ನಂಜನಗೂಡಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಕಂಪ್ಯೂಟರಿನಲ್ಲಿ ಅಲೆಗಳ ಎರಡು ಗಂಟುಗಳನ್ನು ಎದುರುಬದುರು ಬಿಟ್ಟು ಡಿಕ್ಕಿ ಹೊಡೆಸುವುದೇ ಅವರ ಸಂಶೋಧನೆ. ಮಾಮೂಲಿ ಕ್ವಾಂಟಂ ಲೆಕ್ಕದಲ್ಲಿ ಎರಡು ಸಲ ಮಾಡುವ ಒಂದು ಕ್ರಿಯೆಯನ್ನು ಭಾವ ಒಂದೂವರೆ ಸಲ ಮಾಡುತ್ತಾರಂತೆ!

"ಅರ್ಧ ಸಲ ಮಾಡೋದು ಅಂದ್ರೇನು ಅಳಿಯಂದಿರೇ? ನಾನೇನು ಅರ್ಧ ಸಲ ಸ್ನಾನ ಮಾಡ್ತೀನಾ?" ಎಂದು ಅಮ್ಮ ಕೇಳಿದ್ದಳು.

"ಅದೇ ಸೊಗಸು ಅತ್ತೆ! ಹಂಗ್ ಮಾಡಿದ್ರೆ, ಇಲ್ಲಿರೋ ಅಲೆಗೆ ದೂರದಲ್ಲಿರೋದೂ ನೇರವಾಗಿ ತಾಕುತ್ತೆ," ಎಂದ ಭಾವ ಒಂದೂವರೆ ಲೋಟ ಕಾಫಿ ಕೇಳಿದರು. ಕಾಫಿಯಲ್ಲೂ ಭಿನ್ನರಾಶಿ! "ಒಂದು ಕುಡೀರಿ, ಇಲ್ಲಾ ಎರಡು," ಎಂದು ಅಮ್ಮ ಒಂದನ್ನೇ ಕೊಟ್ಟಳು.

ಚೊಚ್ಚಲ ಹೆರಿಗೆಗೆ ಅಕ್ಕ ತಿ. ನರಸೀಪುರದ ನಮ್ಮ ಮನೆಗೆ ಬಂದಿದ್ದಳು. ದಿನ ತುಂಬುವ ಮೊದಲೇ ನೋವು ಶುರುವಾಯಿತು. ನಾನು ಫೋನ್ ಮಾಡಿದಾಗ ಭಾವನ ಲೆಕ್ಕ ದಿನಗಟ್ಟಲೆ ಓಡಿ ಡಿಕ್ಕಿಯ ಸಮೀಪ ಬಂದಿತ್ತು. ನಿಲ್ಲಿಸಿದರೆ ಮತ್ತೆ ಮೊದಲಿನಿಂದ! ಲ್ಯಾಪ್‌ಟಾಪನ್ನು ತೆರೆದು ಹಿಡಿದುಕೊಂಡೇ ಬಸ್ಸು ಹತ್ತಿದರಂತೆ.

"ಅದ್ ಮುಚ್ಚಿ ಸಾ, ಜನ ನಿಂತವ್ರೆ," ಅಂದ ಕಂಡಕ್ಟರ್.

"ಡಿಕ್ಕಿ ಆಗೋವರ್ಗೂ ಮುಚ್ಚಕ್ಕಾಗಲ್ಲ ಕಣಪ್ಪಾ!"

ಇಡೀ ಬಸ್ಸು ಕಂಬಿ ಹಿಡಿದುಕೊಂಡಿತಂತೆ.

ಆಸ್ಪತ್ರೆಗೆ ಬಂದವರೇ ಕೇಳಿದ್ದೇನು? "ಹೇಗಿದಾಳೆ?" ಅಂತಲ್ಲ, "ಪ್ಲಗ್ ಎಲ್ಲಿದೆ?" ಅಂತ! ನನಗೆ ಮೈಯೆಲ್ಲ ಉರಿಯಿತು. ಹಳೇ ಬ್ಯಾಟರಿ ಬಸ್ಸಿನಲ್ಲೇ ಬಸವಳಿದಿತ್ತು. ವೆರಾಂಡದ ಪ್ಲಗ್ಗಿಗೆ ಸಿಕ್ಕಿಸಿ ನೆಲದ ಮೇಲೆ ಕೂತರು. ಲ್ಯಾಪ್‌ಟಾಪಿನ ತೆರೆಯ ಮೇಲೆ ಅಲೆಗಳ ಆ ಎರಡು ಗಂಟುಗಳು ಗುಡ್ಡಗಳ ಹಾಗೆ ಹತ್ತಿರ ಹತ್ತಿರ ಬರುತ್ತಿದ್ದವು. ಅಷ್ಟರಲ್ಲಿ ಹೆರಿಗೆ ಕೋಣೆಯೊಳಗಿಂದ ಅಕ್ಕನ ಕೂಗು. ಆಮೇಲೆ ಅದೂ ನಿಂತಿತು. ಮಗುವಿನ ಅಳು ಮಾತ್ರ ಬರಲಿಲ್ಲ. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ನರ್ಸಮ್ಮ ಉದ್ದನೆಯ ವೈರು ಎಳೆದುಕೊಂಡು ಓಡಿ ಬಂದರು. "ಮಗು ತಣ್ಣಗಾಯ್ತಾ ಅದೆ ಸಾ. ಬಿಸಿ ದೀಪ ಆಕ್ಬೇಕು, ಒಳಗಡೆ ಪ್ಲಗ್ ಕೆಟ್ಟೋಗದೆ..."

ಮಾತು ಮುಗಿಯುವ ಮೊದಲೇ ಭಾವ ತಮ್ಮ ಪ್ಲಗ್ಗನ್ನು ಕಿತ್ತಿದ್ದರು. ಗುಡ್ಡಗಳು ಇನ್ನೇನು ಮುಟ್ಟಬೇಕು, ತೆರೆ ಕಪ್ಪಾಯಿತು. ಅವರು ಅತ್ತ ನೋಡಲೂ ಇಲ್ಲ. ಮುಚ್ಚಿದ ಬಾಗಿಲನ್ನೇ ನೋಡುತ್ತಾ ನನ್ನ ಕೈ ಹಿಡಿದುಕೊಂಡರು. ಒಳಗೆ ಸಣ್ಣ ಸದ್ದಾದರೂ ಅವರ ಹಿಡಿತ ಬಿಗಿಯಾಗುತ್ತಿತ್ತು. ಆಚೆಯದು ಈಚೆ ನೇರವಾಗಿ ತಾಕುವುದೆಂದರೇನೆಂದು ನನಗೆ ಆಗ ಅರ್ಥವಾಯಿತು.

ಎಷ್ಟೋ ಹೊತ್ತಿನ ಮೇಲೆ ಸಣ್ಣಗೆ ಅಳು ಕೇಳಿಸಿತು. ನಾವೂ ಅತ್ತೆವು.

"ಭಾವ, ನಿಮ್ಮ ಡಿಕ್ಕಿ?" ಎಂದೆ.

"ಅದನ್ನ ಇನ್ನೊಂದ್ಸಲ ಮಾಡ್ಬಹುದು ಕಣೋ."

ಅಮ್ಮ ಫ್ಲಾಸ್ಕಿನಿಂದ ಅವರಿಗೆ ಒಂದು ಲೋಟ ಕಾಫಿ ಕೊಟ್ಟಳು. ಕುಡಿದು ಮುಗಿಸಿದ ಮೇಲೆ, ಅವರು ಕೇಳದೆಯೇ, ಇನ್ನರ್ಧ ಲೋಟ ಬಗ್ಗಿಸಿದಳು.