ಅಜಾಯಬ್‌ಖಾನಾಕ್ಕ ಹೋದ ಎಲುಬು

ನಮ್ಮ ಕಾಕಾನಷ್ಟು ಶಾಣ್ಯಾ ಮನುಷ್ಯ ಇಡೀ ಅಫಜಲಪುರ ತಾಲೂಕಿನಾಗ ಇನ್ನೊಬ್ಬ ಇರಲಿಲ್ಲ. ಇದು ನನ್ನ ಮಾತಲ್ಲ, ಖುದ್ದು ಕಾಕಾನದೇ! ಭೀಮಾ ಹೊಳಿ ದಂಡ್ಯಾಗ ಸಿಕ್ಕ ಉದ್ದನ ಕಲ್ಲೊಂದರ ಮ್ಯಾಲೆ ನಮ್ಮ ಕಾಕು ಹತ್ತು ವರ್ಷ ಅರಿಬಿ ಒಗೆದಿದ್ದಳು. ಒಂದು ದಿನ ಕಾಕಾ ಊರಿಗೆಲ್ಲ ಸಾರಿಬಿಟ್ಟ: "ಇದು ಕಲ್ಲಲ್ಲ, ಎಲುಬು! ಕಂಡುಹಿಡದಾಂವ ನಾನು!"

ಊರು ಸುಮ್ಮನಿರತದೇನು? "ಯಾರ ಎಲುಬ್ರಿ ಗೌಡ್ರ, ಭೀಮಸೇನಂದೇನು?" ಅಂತ ಕಟ್ಟಿ ಮ್ಯಾಲಿನವರು ಬಿದ್ದು ಬಿದ್ದು ನಕ್ಕರು. ಕಾಕಾನ ಮಗಳ ಅತ್ತಿ ಮನಿಯವರೂ ನಕ್ಕರು! ಕಾಕಾನಿಗೆ ಅನ್ನ ರುಚಿಸಲಿಲ್ಲ. "ಹೈದರಾಬಾದ್ ಅಜಾಯಬ್‌ಖಾನಾದ ಸಾಹೇಬರು ಹಳೇ ಕಾಲದ ಸಾಮಾನೆಲ್ಲ ಕೂಡಿಟ್ಟಾರ, ಅವರೇ ಖರೇ ಹೇಳಲಿ. ಕಲ್ಲು ಅಂದ್ರ ನಾ ಈ ಊರಾಗ ಮತ್ತ ಬಾಯಿ ತೆರಿಯಂಗಿಲ್ಲ!" ಅಂತ ಆಣಿ ಹಾಕಿ ಹೊಂಟ.

ನಿಜಾಮರ ಕಾಲ. ನಾ ಹೈದರಾಬಾದಿನಾಗ ಕಾಲೇಜು ಓದತಿದ್ದೆ. ಟೇಸನ್ನಿಗೆ ಹೋದ್ರ ಕಾಕಾ, ಕಾಕು, ನಡುವ ಕೌದಿ ಹೊದ್ದ ಎಲುಬು!

"ಅದಕ್ಕ್ಯಾಕ ಕೌದಿ?"

"ತಿಕೀಟ್ ನೋಡಾಂವ ಬಂದಿದ್ದ. ಕೂಸು ಮಲ್ಕೊಂಡದ, ಎಬ್ಬಿಸಬ್ಯಾಡ್ರಿ ಅಂದೇನಿ!" ಅಂದ ಕಾಕಾ.

ಅಜಾಯಬ್‌ಖಾನಾದ ಬಾಗಿಲಾಗೇ ಹುಲಿ! ಕಾಕಾ ಮೂರು ಹೆಜ್ಜಿ ಹಿಂದ ಹಾರಿದ. ಸತ್ತ ಹುಲಿ, ಒಳಗ ಬರೇ ಹುಲ್ಲು ತುಂಬ್ಯಾರ ಅಂದೆ. ಅವನಿಗೆ ಸಿಟ್ಟೇ ಬಂತು. "ಹುಲಿ ಹಸದರೂ ಹುಲ್ಲು ತಿನ್ನಂಗಿಲ್ಲ. ಸತ್ತ ಮ್ಯಾಲೆ ತಿನಿಸೀರಲ್ಲೋ!" ಅಂತ ಪಹರೇದಾರನ ಮ್ಯಾಲೆ ಹರಿಹಾಯ್ದ. ಅವನಿಗೆ ಕನ್ನಡ ಬರತಿರಲಿಲ್ಲ, ಸಲಾಮು ಹೊಡೆದ.

ಮುದುಕ ಸಾಹೇಬರು ಭೂತಗನ್ನಡಿ ಹಿಡಿದು ಎಲುಬು ತಿರುವಿ ತಿರುವಿ ನೋಡಿದರು. ಕಾಕಾ ಉಸಿರೇ ಬಿಡಲಿಲ್ಲ. ಕಡೀಕ ಅವರು ಉರ್ದುನಾಗ ಅಂದರು: ಇದು ಆನಿ ತೊಡಿ ಎಲುಬಿನ ತುಂಡು, ಸಾವಿರಾರು ವರ್ಷ ಮಣ್ಣಾಗಿದ್ದು ಕಲ್ಲಾಗ್ಯದ, ಇಲ್ಲೇ ಇಡೋಣು! ಕಾಕಾ ರುಮಾಲು ತೆಗೆದು ಮ್ಯಾಲೆ ತೂರಿದ. ನಾನೂ ಕುಣಿದೆ!

"ಚೀಟಿ ಮ್ಯಾಲೆ ಹುಡುಕಿದವರ ಹೆಸರು ಬರೀಬೇಕು" ಅಂದ ಬಾಜೂಕ ಕುಂತು ಬರಿಯೋ, ಕನ್ನಡ ಬಲ್ಲ ಮುನ್ಷಿ.

ಕಾಕಾ ಬಾಯಿ ತೆರೆದ, ಕಾಕುನ್ನ ನೋಡಿದ, ಮುಚ್ಚಿದ. ಆಮ್ಯಾಲೆ ಮೆಲ್ಲಕ ಅಂದ: "ನಂದಲ್ಲ. ಎಲುಬು ಅಂತ ಮೊದಲು ಅಂದಾಕಿ ಇಕಿ. ಹೆಂಗಸಿಗೆ ಹುಚ್ಚು ಹಿಡದದ ಅಂತ ಮಂದಿ ನಕ್ಕಾರಂತ ನನ್ನ ಮ್ಯಾಲೆ ಹಾಕ್ಕೊಂಡೆ."

ಮುನ್ಷಿ ಮತ್ತ ಹೆಸರು ಕೇಳಿದ. ನಮ್ಮ ಕಡಿ ಗಂಡ ಹೆಂಡತಿ ಹೆಸರು ನಾಲ್ಕು ಮಂದಿ ಮುಂದ ಹೇಳತಾನೇನು? "ಏ, ಕೇಳಾಕತ್ತಿಯೇನ?" ಅಂದ್ರ ಆಯ್ತು! ನೀನರೇ ಹೇಳು ಅನ್ನೋಹಂಗ ಕಾಕಾ ನನ್ನ ಮಾರಿ ನೋಡಿದ. ನನಗೂ ಆಕಿ ಬರೇ ಕಾಕು. ಹೆಸರೇ ಗೊತ್ತಿರಲಿಲ್ಲ, ನಾಚಿಕಿ ಆಯ್ತು.

"ನೀಲಮ್ಮ" ಅಂದ ಕಾಕಾ.

ಮುನ್ಷಿಗೆ ಕೇಳಿಸಲಿಲ್ಲ. ಕಾಕಾ ಎದಿ ಸೆಟಿಸಿ ಇಡೀ ಅಜಾಯಬ್‌ಖಾನಾಕ್ಕ ಕೇಳೋಹಂಗ ಕೂಗಿದ: "ನೀಲಮ್ಮ!"

ಕಾಕು ಸೆರಗು ಸರಿಸಿದಳು. ಕಣ್ಣು ತುಂಬಿದ್ದವು. ಗಂಡನ ಮಾರಿ ನೆಟ್ಟಗ ನೋಡಿ ಅಂದಳು:

"ಇನ್ನೊಮ್ಮಿ ಅನ್ರಿ."