ಶೇಂಗಾಕ್ಕೊಂದು ಅರ್ಜಿ

ನಮ್ಮ ಸೋದರತ್ತೆಯನ್ನು ವಾದದಲ್ಲಿ ಸೋಲಿಸುವವರು ಗಜೇಂದ್ರಗಡದಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಬಾಯಿಗೆ ಏನಾದರೂ ತುರುಕಿ ಸುಮ್ಮನಾಗಿಸಿರುತ್ತಾಳೆ! ನಾನಾದರೋ ಚರ್ಚಾಸ್ಪರ್ಧೆಗಳಲ್ಲಿ ರೋಣ, ನರಗುಂದಗಳನ್ನೆಲ್ಲ ಗೆದ್ದು ಬಂದವಳು. ಆದರೆ ಮನೆಯಲ್ಲಿ ತೀರ್ಪುಗಾರರು ಇರುವುದಿಲ್ಲವಲ್ಲ!

ಜಗಳ ಎದ್ದದ್ದು ಅಕ್ಕನ ಆರು ತಿಂಗಳ ಮಗಳಿಂದ. ಕೂಸಿಗೆ ಶೇಂಗಾ ರುಚಿ ತೋರಿಸಲೇಬೇಕೆಂದು ಅತ್ತೆಯ ಹಟ. ಕೂಸಿನ ಕೆನ್ನೆಯ ಮೇಲೆ ಆಗಾಗ ಕೆಂಪು ದದ್ದು ಏಳುತ್ತಿತ್ತು. ಹೆದರಿದ ಅಕ್ಕ ಶೇಂಗಾ ಚಟ್ನಿಯ ಡಬ್ಬಿಯನ್ನೇ ಅಟ್ಟಕ್ಕೇರಿಸಿದ್ದಳು. ಪಕ್ಕದ ರಾಜೂರಿನಲ್ಲಿ ತಾನು ಆಡಿಸಿದ ಕೂಸುಗಳೆಲ್ಲ ಶೇಂಗಾ ತಿಂದೇ ಗಟ್ಟಿಯಾಗಿವೆ ಎಂದು ಅತ್ತೆ. ಗಟ್ಟಿಯಾದವರಷ್ಟೇ ಸಾಕ್ಷಿ ಹೇಳಲು ಉಳಿದಿರುತ್ತಾರೆ, ಅದೆಂಥ ಪುರಾವೆ ಎಂದು ನಾನು. ಕೊನೆಗೆ ಎಲ್ಲರೂ ಮಕ್ಕಳ ಡಾಕ್ಟರ ಬಳಿ ಹೋದೆವು.

ಡಾಕ್ಟರು ಕೂಸನ್ನು ಪರೀಕ್ಷಿಸಿ, ತಡಮಾಡಿ ಲಾಭವಿಲ್ಲ, ಈಗಲೇ ರೂಢಿ ಮಾಡಿಸಿದರೆ ಅಲರ್ಜಿಯ ಸಂಭವ ಕಡಿಮೆ ಎಂದರು. ಇಡೀ ಕಾಳು ಮಾತ್ರ ಬೇಡ, ಗಂಟಲಿಗೆ ಸಿಕ್ಕೀತು. ನುಣ್ಣಗೆ ಅರೆದು, ತೆಳ್ಳಗೆ ಮಾಡಿ, ಚಮಚದ ತುದಿಯಷ್ಟು. ಆಮೇಲೆ ಎರಡು ತಾಸು ಕಣ್ಣಿಟ್ಟಿರಬೇಕು.

ಅತ್ತೆಗೆ ಕಿವಿ ಸ್ವಲ್ಪ ಮಂದ. "ಅರ್ಜಿ ಯಾರಿಗೆ ಕೊಡಬೇಕ್ರಿ?" ಎಂದಳು.

"ಅರ್ಜಿ ಅಲ್ಲ ಅತ್ತಿ, ಅಲರ್ಜಿ."

"ಅದೇನರ ಇರಲಿ. ಬರಬ್ಯಾಡಂತ ಅರ್ಜಿ ಕೊಡಾಕ ಬರತೈತಿಲ್ಲೋ?"

ಡಾಕ್ಟರು ನಗು ಬಚ್ಚಿಡಲು ಮೇಜಿನ ಕೆಳಗೆ ಪೆನ್ನು ಹುಡುಕತೊಡಗಿದರು.

ಮರುದಿನ ಅತ್ತೆ ಶೇಂಗಾ ಹುರಿದು, ಅರೆದು, ಮೊದಲು ನಮಗೆಲ್ಲ ನೆಕ್ಕಿಸಿ, ನಾಲಿಗೆ ಹೊರಗೆ ಹಾಕಿಸಿ ನೋಡಿದಳು. ಹುಟ್ಟಿದಾಗಿನಿಂದ ಶೇಂಗಾ ಹೋಳಿಗೆ ತಿಂದ ನಮ್ಮಪ್ಪನನ್ನೂ ಬಿಡಲಿಲ್ಲ! ಕೂಸಿಗೆ ಮಾತ್ರ ಮನೆಯಲ್ಲಿ ತಿನ್ನಿಸಲಿಲ್ಲ. ಬಟ್ಟಲು ಹಿಡಿದು, ನಮ್ಮನ್ನೆಲ್ಲ ಎಬ್ಬಿಸಿಕೊಂಡು, ದವಾಖಾನೆಯ ಎದುರಿನ ಚಹಾದಂಗಡಿಗೆ ನಡೆದಳು. ಡಾಕ್ಟರ ಬಾಗಿಲು ನೇರ ಕಾಣುವ ಬೆಂಚೇ ಆಗಬೇಕಂತೆ!

ಕೂಸು ನೆಕ್ಕಿತು, ಮುಖ ಕಿವುಚಿತು, ಇನ್ನಷ್ಟಕ್ಕೆ ಬಾಯಿ ತೆರೆಯಿತು. ಅತ್ತೆ ಅದರ ಎದೆಯ ಮೇಲೆ ಅಂಗೈ ಇಟ್ಟು ಕೂತವಳು ಚಹಾ ಆರಿದರೂ ಕದಲಲಿಲ್ಲ. ಎರಡು ತಾಸು ಕಳೆಯಿತು. ದದ್ದಿಲ್ಲ, ಬಾವಿಲ್ಲ, ಕೂಸು ಆಕಳಿಸಿ ನಿದ್ದೆಹೋಯಿತು. ಅಕ್ಕ ಕಣ್ಣೊರೆಸಿಕೊಂಡಳು.

"ಗೆದ್ದಿ ಅತ್ತಿ, ಏಳಿನ್ನ," ಎಂದೆ.

ಅವಳು ಏಳಲಿಲ್ಲ. ನನ್ನ ಕೈ ಹಿಡಿದು ಕೂಸಿನ ಎದೆಗೆ ಒತ್ತಿದಳು. ಬಡಿತ ಪುಟ್ಟ ಗಡಿಯಾರದಂತೆ ನೆಮ್ಮದಿಯಾಗಿತ್ತು. ಆಮೇಲೆ ಅದೇ ಕೈಯನ್ನು ತನ್ನ ಎದೆಗೆ ಒತ್ತಿಕೊಂಡಳು.

"ಇಕೀದು ಚಲೋ ಐತಿ. ನಂದು ನೋಡವಾ, ಮುಂಜಾನಿಂದ ಹಿಂಗ ಹೊಡಕೊಳ್ಳಾಕತ್ತೈತಿ."

ನಾನು ಕೈ ತೆಗೆಯಲಿಲ್ಲ.