ಬಳ್ಳಾರಿ ಮಾಸ್ತರು ಹಿಮಕ್ಕೆ ಗಾಡಿ ಕಟ್ಟಿದ್ದು

ಊರಿಗೆಲ್ಲ ಡ್ರೈವಿಂಗ್ ಕಲಿಸುವವನ ಗಾಡಿಯೇ ನಡುರಸ್ತೆಯಲ್ಲಿ ನಿಲ್ಲುವುದು, ಅದನ್ನು ನೋಡಲು ಅವನ ಹಳೇ ಶಿಷ್ಯರೇ ಸೇರುವುದು, ಇಂಥವು ನನ್ನ ಬಾಳಿನಲ್ಲಿ ಆಗುತ್ತಲೇ ಇರುತ್ತವೆ. ಗಾಂಧಿನಗರದಲ್ಲಿ ನನ್ನದೊಂದು ಡ್ರೈವಿಂಗ್ ಸ್ಕೂಲಿದೆ. ಬಳ್ಳಾರಿಯಲ್ಲಿ ಇಂಡಿಕೇಟರ್ ಹಾಕದೆ ತಿರುಗುವವರಲ್ಲಿ ಅರ್ಧ ಜನ ನನ್ನ ಶಿಷ್ಯರು.

ಹೆಂಡತಿಗೂ ನಾನೇ ಕಲಿಸಿದ್ದು. ಲೈಸೆನ್ಸ್ ಬಂದು ವರ್ಷಗಳಾದರೂ ಊರಾಚೆಯ ಮೋಕ ಹಳ್ಳಿ ದಾಟಿದ ಮೇಲೆ ಅವಳ ಕೈಗೆ ಸ್ಟೇರಿಂಗ್ ಕೊಟ್ಟವನಲ್ಲ. ಹಿಮ ನೋಡಲೇಬೇಕು ಅಂತ ಅವಳು ಹಟ ಹಿಡಿದಾಗ, ನಮ್ಮ ಕಾರಿನಲ್ಲೇ ಹಿಮಾಚಲಕ್ಕೆ ಹೋಗೋಣ ಅಂದೆ. ಅಲ್ಲಿಯ ಘಾಟಿಗೆ ಅಲ್ಲಿಯ ಡ್ರೈವರನ್ನೇ ಇಟ್ಟುಕೊಳ್ಳಿ ಎಂದು ಕಂಡವರೆಲ್ಲ ಬುದ್ಧಿ ಹೇಳಿದರು. ನನಗೆ ರೇಗಿತು.

"ಹಿಮದಾಗ ನನ್ನ ಸ್ಟೇರಿಂಗ್ ಯಾರ ಕೈಗೂ ಕೊಡಂಗಿಲ್ಲ" ಅಂದೆ.

"ಕೊಟ್ರ?" ಅಂದಳು ಹೆಂಡತಿ.

"ಕೊಟ್ರ, ಅಲ್ಲಿಂದ ಬಳ್ಳಾರಿ ತನಕ ನೀನೇ ಓಡಿಸ್ಕೊಂಡು ಬಾ. ನಾನು ಬಾಜೂಕ ಬಾಯಿ ಮುಚ್ಕೊಂಡು ಕುಂದರ್ತೀನಿ."

ಅವಳು ಕೂಡಲೇ ಸಿರುಗುಪ್ಪದಲ್ಲಿರುವ ತನ್ನ ಅಪ್ಪನಿಗೆ ಫೋನ್ ಹಚ್ಚಿ, ಸ್ಪೀಕರ್ ಒತ್ತಿ, ನನ್ನ ಬಾಯಿಗೆ ಹಿಡಿದಳು. "ಈಗ ಅಂದ್ರಲ್ಲ, ಅದನ್ನ ಇನ್ನೊಮ್ಮೆ ಅನ್ರಿ."

ಅಂದೆ. ಸಿಕ್ಕಿಬಿದ್ದೆ.

ಹೀಟರ್ ಪರೀಕ್ಷೆ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅನ್ನುತ್ತಾರೆ. ಬಳ್ಳಾರಿಯಲ್ಲಿ ಅದು ಸಂಕ್ರಾಂತಿಗೇ ಗಂಟುಮೂಟೆ ಕಟ್ಟಿರುತ್ತದೆ. ಅಂಥ ಊರಲ್ಲಿ, ಶಿವರಾತ್ರಿ ಹತ್ತಿರ ಬಂದಾಗ, ಉರಿಬಿಸಿಲಿನ ಮಧ್ಯಾಹ್ನ ನನ್ನ ಮೆಕ್ಯಾನಿಕ್ ಹತ್ತಿರ ಹೋಗಿ, "ಕಾರಿನ ಹೀಟರ್ ಕೆಲಸ ಮಾಡ್ತೈತೋ ಇಲ್ಲೋ ನೋಡು" ಅಂದೆ.

ಅವನು ಕೈಯೊರೆಸುತ್ತಿದ್ದ ಬಟ್ಟೆ ಕೆಳಗಿಟ್ಟ. "ಮಾಸ್ತರ, ಆರಾಮ ಅದೀರಿಲ್ಲ?"

ಎಸಿಯ ಗುಂಡಿ ನೀಲಿ ಬಣ್ಣದ ಕಡೆಗೇ ಇದ್ದು ಇದ್ದು ಗಟ್ಟಿಯಾಗಿತ್ತು. ಕಾರು ಕೊಂಡಾಗಿನಿಂದ ಅದನ್ನು ಕೆಂಪಿನ ಕಡೆ ತಿರುಗಿಸಿದವರಿಲ್ಲ. ಇಬ್ಬರೂ ಒಳಗೆ ಕೂತು, ಗಾಜು ಏರಿಸಿ, ಗುಂಡಿಯನ್ನು ಬಲವಂತದಿಂದ ಕೆಂಪಿಗೆ ಹೊರಳಿಸಿದೆವು. ಸ್ವಲ್ಪ ಹೊತ್ತಿಗೆ ಬೆವರು ಹುಬ್ಬಿನಿಂದ ಗದ್ದಕ್ಕೆ ಇಳಿಯತೊಡಗಿತು.

"ಬಿಸಿಗಾಳಿ ಬರಾಕತ್ತೈತಿಲ್ಲ?" ಅಂದೆ ಖುಷಿಯಿಂದ.

ಮೆಕ್ಯಾನಿಕ್ ಗಾಜು ಇಳಿಸಿ ಕೈ ಹೊರಗೆ ಹಾಕಿ ನೋಡಿದ. ಒಳಗೆ ಕೈ ತಂದು ನೋಡಿದ. ಹೀಟರ್ ಆರಿಸಿ ಮತ್ತೆ ನೋಡಿದ. ಬಹಳ ಯೋಚನೆ ಮಾಡಿ ಕೇಳಿದ:

"ಬರೋದೇನೋ ಬರಾಕತ್ತೈತ್ರಿ ಮಾಸ್ತರ. ಇದು ಹೀಟರಿಂದೋ, ನಮ್ಮ ಊರಿಂದೋ?"

ಒಂದೇ ಡಬ್ಬಿ

ಹಿಮದ ಸೀಮೆಯಲ್ಲಿ ರೇಡಿಯೇಟರಿಗೆ ಬರೀ ನೀರು ಹಾಕಿದರೆ ಅದು ಒಳಗೇ ಗಡ್ಡೆ ಕಟ್ಟಿ ಇಂಜಿನ್ ಒಡೆಯುತ್ತದೆ. ಕೂಲೆಂಟ್ ಬೆರೆಸಬೇಕು. ಅದನ್ನೇ ಮೆಕ್ಯಾನಿಕ್‌ಗೆ ಹೇಳಿದೆ. ಅವನು ಒಪ್ಪಲಿಲ್ಲ. ಕೂಲೆಂಟ್ ಇರುವುದು ಇಂಜಿನ್ ಕುದಿಯದಿರಲಿ ಅಂತ, ಹಲಕುಂದಿ ಕಡೆ ಬೇಸಿಗೆಯಲ್ಲಿ ಕುದ್ದು ನಿಂತ ಎಷ್ಟು ಗಾಡಿಗೆ ತಾನು ಅದನ್ನು ಹಾಕಿಲ್ಲ ಎಂದು ವಾದಿಸಿದ.

"ಕುದಿಯೋದನ್ನೂ ಅದೇ ತಡೀತೈತಿ, ಗಡ್ಡಿ ಕಟ್ಟೋದನ್ನೂ ಅದೇ ತಡೀತೈತಿ" ಅಂದೆ.

ಅವನು ಕೂಲೆಂಟ್ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಬಿಸಿಗೂ ಇದೇ, ತಂಪಿಗೂ ಇದೇ? ಎಲೆಕ್ಷನ್‌ಗೆ ನಿಂತವರೂ ಇಷ್ಟು ಹೇಳಂಗಿಲ್ಲ ಬಿಡ್ರಿ ಮಾಸ್ತರ."

ಕುರುಗೋಡಿನ ಸರಪಳಿ

ಹಿಮದ ರಸ್ತೆಯಲ್ಲಿ ಚಕ್ರ ಜಾರದಂತೆ ಟೈರಿಗೆ ಸರಪಳಿ ಸುತ್ತುತ್ತಾರೆ. ಅದು ಅಲ್ಲಿಯೇ ಬಾಡಿಗೆಗೆ ಸಿಗುತ್ತದೆ ಎಂದು ಆಮೇಲೆ ತಿಳಿಯಿತು. ಆಗ ಮಾತ್ರ, ಎಲ್ಲವನ್ನೂ ಇಲ್ಲಿಂದಲೇ ಕಟ್ಟಿಕೊಂಡು ಹೋಗಬೇಕೆಂಬ ಹುಕಿ ನನಗೆ. ಬಳ್ಳಾರಿಯ ಅಂಗಡಿಗಳಲ್ಲಿ ಕೇಳಿ ನಗೆಪಾಟಲಾದ ಮೇಲೆ, ಕುರುಗೋಡಿನಲ್ಲಿ ಒಂದು ಕಬ್ಬಿಣದ ಸಾಮಾನಿನ ಅಂಗಡಿ ಹೊಕ್ಕೆ. ಹಗ್ಗ, ಕುಡುಗೋಲು, ಸನಿಕೆ, ಸರಪಳಿ ಎಲ್ಲ ನೇತುಹಾಕಿದ್ದರು. ಅಂಗಡಿಯಾತ ವಯಸ್ಸಾದವರು, ಕನ್ನಡಕದ ಮೇಲಿನಿಂದ ನೋಡುವವರು.

"ಗಟ್ಟಿ ಸರಪಳಿ ಬೇಕ್ರಿ" ಅಂದೆ.

"ಎತ್ತಿಗೋ, ಎಮ್ಮಿಗೋ?"

"ಕಾರಿಗ್ರಿ."

ಅವರು ಕನ್ನಡಕ ತೆಗೆದರು. "ಕಳ್ಳರ ಕಾಟ ಬಾಳ ಐತೇನ್ರಿ ನಿಮ್ಮ ಕಡೆ?"

ಕಳ್ಳರಿಗಲ್ಲ, ಚಕ್ರಕ್ಕೆ ಸುತ್ತುವುದಕ್ಕೆ, ಹಾಗೆ ಸುತ್ತಿದರೆ ಗಾಡಿ ಜಾರದೆ ಸಲೀಸಾಗಿ ಮುಂದೆ ಹೋಗುತ್ತದೆ ಎಂದು ನನ್ನ ಕ್ಲಾಸಿನಲ್ಲಿ ವಿವರಿಸುವ ಹಾಗೆ ಕೈಯಾಡಿಸಿ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು. ಸರಪಳಿಯನ್ನು ಮೊಳೆಯಿಂದ ಇಳಿಸಿದವರು, ಮತ್ತೆ ಅದೇ ಮೊಳೆಗೆ ನೇತುಹಾಕಿದರು.

"ಅಪ್ಪನ ಕಾಲದಿಂದ ಸರಪಳಿ ಮಾರಾಕತ್ತೀನ್ರಿ. ಎತ್ತಿಗೆ ಕಟ್ಟಿದ್ರ ಎತ್ತು ನಿಂದರ್ತೈತಿ. ಎಮ್ಮಿಗೆ ಕಟ್ಟಿದ್ರ ಎಮ್ಮಿ ನಿಂದರ್ತೈತಿ. ನಿಮ್ಮ ಕಾರು ಒಂದೇ ಮುಂದಕ್ಕ ಹೊಕ್ಕೈತೇನು?"

ಬಿಳೇ ಕೆಸರು

ಹೊರಡುವ ಮೊದಲು ಸಿರುಗುಪ್ಪಕ್ಕೆ ಹೋಗಿ ಹೇಳಿಬರೋಣ ಅಂತ ಹೋದೆವು. ನಮ್ಮ ಮಾವ ಭತ್ತ ಬೆಳೆಯುವವರು. ಟ್ರ್ಯಾಕ್ಟರಿಗೆ ಕಬ್ಬಿಣದ ಚಕ್ರ ಹಾಕಿ ಮೊಣಕಾಲುದ್ದ ಕೆಸರಿನಲ್ಲಿ ಗದ್ದೆ ತುಂಬ ತಿರುಗಾಡುವವರು. ಹಿಮದಲ್ಲಿ ಗಾಡಿ ಓಡಿಸುವುದು ಎಷ್ಟು ಕಷ್ಟ ಎಂದು ನಾನು ಊಟದ ಮುಂದೆ ಭಾಷಣ ಮಾಡಿದೆ. ಮಾವ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು.

"ಹಿಮ ಅಂದ್ರ ಏನ್ರಿ ಅಳಿಯಂದ್ರ? ಬಿಳೇ ಕೆಸರು. ನಮ್ಮ ಗದ್ದಿ ದಾರಿಯಾಗ ಒಂದೀಟು ಪ್ರಾಕ್ಟೀಸ್ ಮಾಡಿ ಹೋಗ್ರಿ."

ತಮಾಷೆಗೆ ಅಂದರು. ನನ್ನ ತಲೆಗೆ ಅದು ಹೊಕ್ಕಿತು. ಎರಡನೇ ಬೆಳೆಗೆ ನೀರು ಬಿಟ್ಟಿದ್ದರು. ಕಾಲುವೆ ಪಕ್ಕದ ಮಣ್ಣಿನ ದಾರಿ ನೀರುಂಡು ಬೆಣ್ಣೆಯಾಗಿತ್ತು, ಆ ಕಡೆಯ ಗದ್ದೆಯಲ್ಲಿ ಹೆಂಗಸರು ಸಾಲಾಗಿ ಬಾಗಿ ನಾಟಿ ಹಚ್ಚುತ್ತಿದ್ದರು. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನೋಡು, ಗಾಡಿ ಜಾರಿದಾಗ ಗಾಬರಿಯಾಗಿ ಬ್ರೇಕ್ ಒತ್ತಬಾರದು. ಹಿಂದಿನ ಚಕ್ರ ಯಾವ ಕಡಿ ಜಾರ್ತೈತೋ ಆ ಕಡಿಗೇ ಸ್ಟೇರಿಂಗ್ ತಿರುವಬೇಕು" ಅಂದೆ.

ಜಾರಿತು. ನಾನು ಬ್ರೇಕ್ ಒತ್ತಲಿಲ್ಲ. ಆ ಕಡೆಗೇ ತಿರುವಿದೆ. ಪಾಠದ ಒಂದಕ್ಷರವನ್ನೂ ಬಿಡದೆ ಪಾಲಿಸುತ್ತ, ಮರ್ಯಾದೆಯಿಂದ, ಮೆಲ್ಲಗೆ, ಕಾರು ಒಡ್ಡಿನ ಮೇಲಿಂದ ಇಳಿದು ಗದ್ದೆಯಲ್ಲಿ ಕೂತಿತು. ಹೆಂಡತಿ ಆಗಲೇ ಮೊಬೈಲು ತೆಗೆದು ವಿಡಿಯೋ ಮಾಡುತ್ತಿದ್ದಳು.

ನಾಟಿ ಹಚ್ಚುತ್ತಿದ್ದ ಒಬ್ಬಾಕೆ ಸೊಂಟ ನೆಟ್ಟಗೆ ಮಾಡಿ ನಿಂತು, ಕೆಸರು ಕೈ ಹಣೆಗಡ್ಡ ಹಿಡಿದು ನನ್ನನ್ನು ನೋಡಿದಳು.

"ತಡ ಮಾಡಿ ಬಂದಿಯಲ್ಲೋ ಯಣ್ಣಾ. ಗದ್ದಿ ಗಳೇ ಹೊಡೆಯೋದು ನಿನ್ನೇನೇ ಮುಗೀತು."

ನೆರಳಿನ ಜಾಗ

ಇಷ್ಟಾದರೂ ಹೊರಟೆವು, ಮುಟ್ಟಿದೆವು. ಘಾಟಿಯ ಕೆಳಗೆ ಸರಪಳಿ ಬಾಡಿಗೆಗೆ ಸಿಕ್ಕಿತು. ಎರಡೂ ಕಡೆ ಹಿಮದ ಗೋಡೆ, ನಡುವೆ ಜಾರುವ ರಸ್ತೆ. ನಾನು ಉಸಿರು ಬಿಗಿಹಿಡಿದು, ಗೇರ್ ಇಳಿಸಿ, ಮದುಮಗಳು ಹೊಸಿಲು ದಾಟುವಷ್ಟು ನಿಧಾನವಾಗಿ ಓಡಿಸಿ ಮೇಲಿನ ಹಳ್ಳಿ ತಲುಪಿಸಿದೆ. ಒಂದು ಸಲವೂ ಸ್ಟೇರಿಂಗ್ ಬಿಡಲಿಲ್ಲ. ನನಗೆ ನನ್ನ ಮೇಲೆಯೇ ಬಹಳ ಪ್ರೀತಿ ಬಂತು.

ನಾವಿಳಿದ ಹೋಟೆಲಿನ ಅಂಗಳದಲ್ಲಿ ಒಳ್ಳೆಯ ಬಿಸಿಲಿತ್ತು. ಬಂದವರೆಲ್ಲ ಆ ಬಿಸಿಲಿನಲ್ಲೇ ಕಾರುಗಳನ್ನು ಒತ್ತೊತ್ತಾಗಿ ನಿಲ್ಲಿಸಿದ್ದರು. ಕಟ್ಟಡದ ಹಿಂದೆ, ಗೋಡೆ ಮತ್ತು ಎರಡು ದೇವದಾರು ಮರಗಳ ನಡುವೆ, ತಂಪಾದ ದಟ್ಟ ನೆರಳು ಪೂರಾ ಖಾಲಿ ಬಿದ್ದಿತ್ತು. ಬಳ್ಳಾರಿಯಲ್ಲಿ ಹುಟ್ಟಿದವನಿಗೆ ನೆರಳು ಕಂಡರೆ ಸ್ಟೇರಿಂಗ್ ತಾನಾಗಿಯೇ ತಿರುಗುತ್ತದೆ. ನಮ್ಮೂರಲ್ಲಿ ಇಂಥ ಜಾಗಕ್ಕೆ ಹೊಡೆದಾಟಗಳಾಗುತ್ತವೆ.

"ಇಷ್ಟು ಜನ ಬಂದಾರ, ಒಬ್ಬರಿಗೂ ಗಾಡಿ ಎಲ್ಲಿ ನಿಂದರಸಬೇಕಂತ ತಿಳೀವಲ್ದು" ಅಂದೆ.

"ಎಲ್ಲರೂ ಬಿಸಿಲಾಗ ಹಚ್ಯಾರಲ್ರಿ" ಅಂದಳು ಹೆಂಡತಿ.

"ಅದಕ್ಕೇ ಅವರು ಎಲ್ಲರು, ನಾನು ಮಾಸ್ತರು."

ಮರುದಿನ ಬೆಳಗ್ಗೆ ಬಿಸಿಲಿನ ಕಾರುಗಳ ಮೇಲಿನ ಹಿಮ ಕರಗಿ, ಒಂದೊಂದಾಗಿ ಹೊರಟವು. ನಮ್ಮದು ಅಲುಗಲಿಲ್ಲ. ಹಗಲೆಲ್ಲ ಚಾವಣಿಯಿಂದ ತೊಟ್ಟಿಕ್ಕಿದ ನೀರು ಕಾರಿನಡಿ ಸೇರಿ, ರಾತ್ರಿ ಕಲ್ಲಾಗಿ, ನಾಲ್ಕೂ ಚಕ್ರ ಹಿಡಿದುಕೊಂಡಿತ್ತು. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಬೈಯುತ್ತಿತ್ತು ಅಷ್ಟೇ.

ಹೋಟೆಲ್ ಯಜಮಾನರು ಬಿಸಿನೀರಿನ ಕೆಟಲ್ ಮತ್ತು ಒಂದು ಬುಟ್ಟಿ ಒಲೆಬೂದಿ ಹಿಡಿದು ಬಂದರು. ಹಿಂದಿಯಲ್ಲಿ ಮರ್ಯಾದೆಯಿಂದಲೇ ಕೇಳಿದರು: "ಇದೊಂದು ಜಾಗ ಯಾಕೆ ಖಾಲಿ ಇತ್ತು ಅಂತ ತಮಗೆ ಅನ್ನಿಸಲಿಲ್ಲವೇ?" ಆಮೇಲೆ ಗಡ್ಡೆ ಕುಟ್ಟಿ, ಬಿಸಿನೀರು ಸುರಿದು, ಚಕ್ರದ ಮುಂದೆ ಬೂದಿ ಹರಡಿ, "ಇಬ್ಬರು ಗಟ್ಟಿಗರು ಹಿಂದಿನಿಂದ ನೂಕಬೇಕು, ಒಬ್ಬರು ಓಡಿಸಬೇಕು" ಅಂದರು.

ಇದ್ದವರು ಮೂವರೇ. ಯಜಮಾನರು, ನಾನು, ಹೆಂಡತಿ. ಅವಳು ನೂಕಲು ತಯಾರಾದವಳ ಹಾಗೆ ಒಂದು ಸಲ ಡಿಕ್ಕಿ ಮುಟ್ಟಿ, "ನನ್ನಿಂದ ಆಗಂಗಿಲ್ರಿ" ಎಂದು ಅಂಗೈ ಚಾಚಿದಳು. ಆ ಅಂಗೈಯಲ್ಲಿ ಕೀಲಿ ಇಟ್ಟು, ಯಜಮಾನರ ಪಕ್ಕ ಡಿಕ್ಕಿಗೆ ಕೈ ಕೊಟ್ಟು ನಿಂತೆ.

"ಸೆಕೆಂಡ್ ಗೇರ್. ಕ್ಲಚ್ ಮೆಲ್ಲಗ" ಎಂದು ಹಿಂದಿನಿಂದ ಕೂಗಿದೆ. ಅವಳು ಮೆಲ್ಲಗೇ ಬಿಟ್ಟಳು. ಕಾರು ಬೂದಿ ಕಚ್ಚಿಕೊಂಡು ಹೊರಬಂತು. ನನ್ನ ಮುಖದ ತುಂಬ ಬೂದಿ ಹಾರಿತು. ಅವಳು ಬಿಸಿಲಿನಲ್ಲಿ ಇನ್ನೂ ಹೊರಡದೆ ಉಳಿದಿದ್ದ ಎರಡು ಕಾರುಗಳ ನಡುವೆ ಒಂದೇ ಸಲಕ್ಕೆ ಹಿಡಿಸಿ ನಿಲ್ಲಿಸಿ, ಗಾಜು ಇಳಿಸಿ, ಎಡಗಡೆಯ ಬಾಗಿಲು ತೋರಿಸಿದಳು.

ಮಾತು ಮಾತೇ. ಅಲ್ಲಿಂದ ಅವಳೇ ಓಡಿಸಿದಳು. ಸ್ಕೂಲಿನ ಕಾರಿನಲ್ಲಿ ನನ್ನ ಕಡೆಗೂ ಒಂದು ಬ್ರೇಕ್ ಇರುತ್ತದೆ, ಇದರಲ್ಲಿ ಇಲ್ಲ. ಇಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ಒತ್ತಿ ಒತ್ತಿ ಸಿರುಗುಪ್ಪ ಬರುವಷ್ಟರಲ್ಲಿ ನನ್ನ ಬಲಗಾಲು ಬಾತಿತ್ತು. ನಿಜ ಹೇಳಬೇಕೆಂದರೆ ಅವಳು ನನಗಿಂತ ಚೆನ್ನಾಗಿ ಓಡಿಸುತ್ತಾಳೆ, ಇಂಡಿಕೇಟರ್ ಸಹ ಹಾಕುತ್ತಾಳೆ.

ಮನೆ ಮುಂದಿನ ಕಟ್ಟೆಯಲ್ಲಿ ಮಾವ ಓಣಿಯವರನ್ನೆಲ್ಲ ಸೇರಿಸಿಕೊಂಡು ಕೂತಿದ್ದರು. ಯಾರು ಯಾವ ಸೀಟಿನಿಂದ ಇಳಿಯುತ್ತಾರೆ ಎಂದು ಎಲ್ಲರೂ ಕತ್ತು ಉದ್ದ ಮಾಡಿದರು. ನಾನು ಎಡಗಡೆಯಿಂದ ಕುಂಟುತ್ತ ಇಳಿದು, "ಲಾಂಗ್ ಡ್ರೈವಿಂಗ್ ಕಲಿಸಿದೆ ಮಾವಾರ" ಅಂದೆ. ಕಲಿಸಿದ್ದು ಅಂತ ಅವರು ನಂಬುವುದರಲ್ಲಿದ್ದರು.

ಅಷ್ಟರಲ್ಲಿ ಅವರ ಕಣ್ಣು ಕಾರಿನ ಮೇಲೆ ಬಿತ್ತು. ಪಕ್ಕದಲ್ಲೇ ದೊಡ್ಡ ಬೇವಿನ ಮರ, ಅದರಡಿ ಮೂರು ಕಾರು ಹಿಡಿಸುವಷ್ಟು ನೆರಳು. ಅವಳು ಅದನ್ನು ಬಿಟ್ಟು, ಕಾದ ಕಾವಲಿಯಂಥ ಬಯಲಿನ ನಟ್ಟನಡುವೆ ಗಾಡಿ ನಿಲ್ಲಿಸಿದ್ದಳು.

"ಅಲ್ಲವ್ವಾ, ಅಷ್ಟು ನೆರಳಿರಾಕ ಬಿಸಿಲಾಗ ಯಾಕ ನಿಂದರ್ಸೀದಿ?" ಅಂದರು ಮಾವ.

ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು, ಓಣಿಗೆಲ್ಲ ಕೇಳುವಂತೆ ಹೇಳಿದಳು:

"ನೆರಳಾಗ ನಿಂದರ್ಸಿದ್ರ ಗಾಡಿ ನೆಲಕ್ಕ ಹಿಡ್ಕಂತೈತಪ್ಪ. ನಮ್ಮ ಮಾಸ್ತರು ಸ್ವತಃ ಮಾಡಿ ತೋರಿಸ್ಯಾರ."